ಹುಳು ಬರೆದ ಅಕ್ಷರ

ಸಂಸ್ಕೃತದ ಲೌಕಿಕ ನ್ಯಾಯಗಳಲ್ಲಿ ‘ಘುಣಾಕ್ಷರ ನ್ಯಾಯ’ ಎಂಬುದೊಂದಿದೆ. ಘುಣ ಎಂದರೆ ಮರ ಕೊರೆಯುವ ಹುಳು. ಅದು ತನ್ನ ಪಾಡಿಗೆ ಮರ ತಿನ್ನುತ್ತ ಹೋದಾಗ ಉಳಿಯುವ ಗೀರು ಒಮ್ಮೊಮ್ಮೆ ಅಕ್ಷರದಂತೆ ಕಾಣುತ್ತದೆ. ಹುಳುವಿಗೆ ಓದೂ ಬಾರದು, ಬರಹವೂ ಬಾರದು. ಹಾಗಾಗಿ, ಉದ್ದೇಶವಿಲ್ಲದೆ ತಾನಾಗಿ ಒದಗಿಬಂದ ಫಲಕ್ಕೆ ಪಂಡಿತರು ಈ ಹೆಸರು ಕೊಟ್ಟರು. ಅಕ್ಷರವೇನೋ ಕಂಡಿತು, ಆದರೆ ಅದರಲ್ಲಿ ಅರ್ಥ ಹುಡುಕಬೇಡ ಎಂಬುದು ಆ ಮಾತಿನ ತಾತ್ಪರ್ಯ.

ಮರಾಠಿಯಿಂದ ಕನ್ನಡಕ್ಕೆ ಹಳೆಯ ಮನೆಗಳ ಕುರಿತ ಬರಹಗಳನ್ನು ಅನುವಾದಿಸುವಾಗ ನನಗೆ ಈ ನ್ಯಾಯ ಪದೇ ಪದೇ ನೆನಪಾಗಿದೆ, ಜೊತೆಗೆ ಸಂಶಯವೂ ಬಂದಿದೆ. ಹುಳುವಿಗೆ ಉದ್ದೇಶವಿಲ್ಲ, ಒಪ್ಪೋಣ. ಆದರೆ ಅದು ಒಂದು ಹಲಗೆಯನ್ನು ತಿಂದು ಪಕ್ಕದ ಹಲಗೆಯನ್ನು ಬಿಟ್ಟದ್ದೇಕೆ? ಆ ಪ್ರಶ್ನೆಗೆ ಉತ್ತರವಿದೆ, ಉತ್ತರಕ್ಕೆ ಇಸವಿಯೂ ಇದೆ. ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ, ಅಂದರೆ ಹಿಂದಿನ ಔರಂಗಾಬಾದ್, ಈ ಎರಡು ಊರುಗಳ ಹಳೆಯ ಮಹಡಿಗಳನ್ನು ಹುಳುವಿನ ಜಾಡು ಹಿಡಿದು ನೋಡಿದರೆ ಮನೆಗಳ ಚರಿತ್ರೆಯೇ ಬೇರೆಯಾಗಿ ಕಾಣುತ್ತದೆ.

ಮಹಡಿ ಎಂದರೆ ಏನು

ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಗಡಿಯನ್ನು ಗೋದಾವರಿಯಲ್ಲಿ ಗುರುತಿಸುತ್ತದೆ. ನಾಸಿಕ್ ಇರುವುದು ಆ ಗೋದಾವರಿಯ ದಂಡೆಯಲ್ಲೇ. ಭಾಷೆಯ ಗಡಿ ಈಗ ಬಹಳ ದಕ್ಷಿಣಕ್ಕೆ ಸರಿದಿದೆ, ಆದರೆ ಮನೆ ಕಟ್ಟುವ ಮಾತುಗಳು ಅಷ್ಟು ಬೇಗ ಜಾಗ ಬಿಡುವುದಿಲ್ಲ. ಅಲ್ಲಿಯ ‘ವಾಡಾ’ ನಮ್ಮ ಬೆಳಗಾವಿ, ವಿಜಯಪುರದ ಕಡೆ ‘ವಾಡೆ’. ಅಲ್ಲಿಯ ‘ತುಳಈ’ ನಮ್ಮ ‘ತೊಲೆ’. ಮೇಲಂತಸ್ತಿಗೆ ಅವರು ‘ಮಾಡೀ’ ಎಂದರೆ ನಾವು ‘ಮಾಡ’, ‘ಮಾಳಿಗೆ’ ಎನ್ನುತ್ತೇವೆ. ಮನೆ ಎಷ್ಟು ದೊಡ್ಡದೆಂದು ಅವರು ‘ಖಣ’ಗಳಲ್ಲಿ ಎಣಿಸುತ್ತಿದ್ದರು, ನಾವು ‘ಅಂಕಣ’ಗಳಲ್ಲಿ. ಅಂಕಣವೆಂದರೆ ಎರಡು ಕಂಬ ಅಥವಾ ಎರಡು ತೊಲೆಗಳ ನಡುವಿನ ಜಾಗ. ಇಂದು ಪತ್ರಿಕೆಯಲ್ಲಿ ವಾರವಾರ ಬರುವ ಬರಹವನ್ನು ಅಂಕಣವೆನ್ನುವಾಗ ನಾವು ಮರದ ಅಳತೆಯನ್ನೇ ಬಳಸುತ್ತಿದ್ದೇವೆ.

ವಾಡೆಯ ಮೇಲಂತಸ್ತಿನ ನೆಲ ಹೀಗಿರುತ್ತದೆ. ಕಂಬಗಳ ಮೇಲೆ ದಪ್ಪ ತೊಲೆ, ತೊಲೆಗೆ ಅಡ್ಡಲಾಗಿ ಜಂತಿಗಳು, ಜಂತಿಯ ಮೇಲೆ ಒತ್ತಾಗಿ ಜೋಡಿಸಿದ ಹಲಗೆ, ಹಲಗೆಯ ಮೇಲೆ ಮಣ್ಣು ಅಥವಾ ಸುಣ್ಣದ ಗಾರೆ, ಅದರ ಮೇಲೆ ಸಾರಣೆ. ಮೇಲಿನವರಿಗೆ ಅದು ನೆಲ, ಕೆಳಗಿನವರಿಗೆ ಚಾವಣಿ. ಹೀಗಾಗಿ ಇಂಥ ಮನೆಯಲ್ಲಿ ಹುಳು ಬಿದ್ದ ಸುದ್ದಿ ಮೇಲೆ ಓಡಾಡುವವರಿಗೆ ತಿಳಿಯುವುದಿಲ್ಲ, ಕೆಳಗೆ ಮಲಗುವವರಿಗೆ ತಿಳಿಯುತ್ತದೆ. ಬೆಳಿಗ್ಗೆ ಹೊದಿಕೆಯ ಮೇಲೆ ಹಿಟ್ಟು ಉದುರಿರುತ್ತದೆ.

ಆ ಹಿಟ್ಟನ್ನು ಬೆರಳಲ್ಲಿ ತೀಡಿ ನೋಡಬೇಕು. ಮೈದಾದಷ್ಟು ನುಣುಪಾಗಿದ್ದರೆ ಅದು ಕುಟ್ಟೆಹುಳುವಿನ ಕೆಲಸ. ಕುಟ್ಟಿ ಪುಡಿಮಾಡಿದಂತೆ ಹಿಟ್ಟು ಬೀಳುವುದರಿಂದ ಆ ಹೆಸರು ಕಿವಿಗೆ ಒಪ್ಪುತ್ತದೆ. ಗಸಗಸೆಯಂಥ ಗಟ್ಟಿ ಕಾಳಾಗಿದ್ದರೆ ಒಣಮರದೊಳಗೇ ಗೂಡು ಮಾಡುವ ಜಾತಿಯ ಗೆದ್ದಲು. ಹಿಟ್ಟೂ ಇಲ್ಲ, ಕಾಳೂ ಇಲ್ಲ, ಗೋಡೆಯ ಮೇಲೆ ಮಣ್ಣಿನ ಕೊಳವೆ ಏರಿದೆ ಎಂದರೆ ನೆಲದಿಂದ ಬಂದ ಗೆದ್ದಲು. ಅದನ್ನು ಮರಾಠಿಯಲ್ಲಿ ‘ವಾಳವೀ’ ಎನ್ನುತ್ತಾರೆ. ಮೂರನ್ನೂ ಒಂದೇ ಎಂದು ತಿಳಿದು ಒಂದೇ ಔಷಧ ಹೊಡೆಯುವುದರಿಂದ ಹಣವೂ ಮರವೂ ಹಾಳಾಗುತ್ತವೆ.

ಇನ್ನೊಂದು ಸಂಗತಿ. ಹಲಗೆಯ ಮೇಲೆ ಕಾಣುವ ಸಣ್ಣ ತೂತು ಹುಳು ಒಳಹೊಕ್ಕ ಬಾಗಿಲಲ್ಲ. ತಾಯಿ ದುಂಬಿ ಮರದ ಸೂಕ್ಷ್ಮ ರಂಧ್ರಗಳಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಮರಿ ಒಳಗೇ ತಿಂದು ಬೆಳೆದು, ರೆಕ್ಕೆ ಬಂದಮೇಲೆ ಕೊರೆದುಕೊಂಡು ಹೊರಬೀಳುತ್ತದೆ. ನಮಗೆ ಕಾಣುವುದು ಹೊರಟುಹೋದವರ ದಾರಿ. ತೂತಿಗೆ ಮೇಣ ತುಂಬಿ ಬಣ್ಣ ಬಳಿದರೆ ಹುಳು ಸಾಯುವುದಿಲ್ಲ, ಅದು ಇದ್ದದ್ದರ ಗುರುತು ಮಾತ್ರ ಮುಚ್ಚಿಹೋಗುತ್ತದೆ.

ಕೆಚ್ಚು

ಈಗ ಮೊದಲಿನ ಪ್ರಶ್ನೆಗೆ ಬರೋಣ: ಒಂದು ಹಲಗೆ ಬೇಕು, ಇನ್ನೊಂದು ಬೇಡ, ಏಕೆ?

ಮರವನ್ನು ಅಡ್ಡ ಕೊಯ್ದರೆ ನಡುವೆ ಗಾಢ ಬಣ್ಣದ ಗಟ್ಟಿ ಭಾಗ, ಸುತ್ತ ತೆಳುಬಣ್ಣದ ಭಾಗ ಕಾಣುತ್ತದೆ. ನಡುವಿನದಕ್ಕೆ ಕನ್ನಡದಲ್ಲಿ ಚೇಗು, ಕೆಚ್ಚು ಎಂಬ ಹೆಸರುಗಳಿವೆ. ಧೈರ್ಯವಂತನನ್ನು ಕೆಚ್ಚೆದೆಯವನು ಎನ್ನುವಾಗ ಅವನ ಎದೆಯೊಳಗೆ ಮರದ ಗಟ್ಟಿ ತಿರುಳಿದೆ ಎಂದೇ ಹೇಳುತ್ತಿದ್ದೇವೆ. ಕುಟ್ಟೆಹುಳುವಿಗೆ ಬೇಕಾದದ್ದು ಮರವಲ್ಲ, ಮರದಲ್ಲಿರುವ ಪಿಷ್ಟ. ಗಿಡ ಬದುಕಿದ್ದಾಗ ರಸ ಹರಿಯುವ ಹೊರಗಿನ ಬಿಳಿ ಭಾಗದಲ್ಲಿ ಅದು ತುಂಬಿರುತ್ತದೆ. ಕೆಚ್ಚಿನಲ್ಲಿ ಪಿಷ್ಟ ಇರುವುದಿಲ್ಲ, ಬದಲಿಗೆ ಹುಳುವಿಗಾಗದ ರಸಾಯನಗಳು ಸೇರಿರುತ್ತವೆ. ಸಾಗವಾನಿಯ ಕೆಚ್ಚಿನಲ್ಲಿರುವ ಟೆಕ್ಟೊಕ್ವಿನೋನ್ ಎಂಬುದು ಗೆದ್ದಲನ್ನೂ ದೂರ ಇಡುತ್ತದೆ. ಆದರೆ ಅದೇ ಸಾಗವಾನಿಯ ಹೊರಭಾಗದ ಬಿಳಿ ಮರಕ್ಕೆ ಈ ರಕ್ಷಣೆಯಿಲ್ಲ. ‘ಸಾಗವಾನಿಗೆ ಹುಳು ಬೀಳುವುದಿಲ್ಲ’ ಎಂಬ ಮಾತು ಅರ್ಧ ನಿಜ.

ಮರ ಹಳೆಯದಾದಷ್ಟೂ ಅದರ ಪಿಷ್ಟ ಕಡಿಮೆಯಾಗುತ್ತದೆ. ಹೀಗಾಗಿ ಇನ್ನೂರು ವರ್ಷದ ವಾಡೆಯಲ್ಲಿ ಇಂದು ಹಿಟ್ಟು ಉದುರುತ್ತಿದ್ದರೆ ಅದು ಇನ್ನೂರು ವರ್ಷದ ಕೆಚ್ಚಿನ ತೊಲೆಯಿಂದ ಬರುವ ಸಂಭವ ಕಡಿಮೆ. ಈಚೆಗೆ, ಯಾವಾಗಲೋ ದುರಸ್ತಿಗೆಂದು ಹಾಕಿದ ಎಳೆಮರದ, ಮಾವಿನ ಅಥವಾ ಬಿಳಿ ಅಂಚು ಬಿಟ್ಟು ಕೊಯ್ದ ಅಗ್ಗದ ಹಲಗೆಯಿಂದ ಬರುವ ಸಂಭವ ಹೆಚ್ಚು. ಮನೆಯಲ್ಲಿ ಯಾವ ಕಾಲಕ್ಕೆ ಒಳ್ಳೆಯ ಮರ ಸಿಗಲಿಲ್ಲ, ಯಾವ ಕಾಲಕ್ಕೆ ಹಣವಿರಲಿಲ್ಲ ಎಂಬುದನ್ನು ಹುಳು ಗುರುತು ಹಾಕಿ ತೋರಿಸುತ್ತದೆ.

ಹುಳುವಿನ ತೂತನ್ನು ದಾಖಲೆಯಾಗಿ ಓದಿದವರು ಬೇರೆಡೆಯೂ ಇದ್ದಾರೆ. ಯುರೋಪಿನಲ್ಲಿ ಮರದ ಅಚ್ಚಿನಿಂದ ಮುದ್ರಿಸಿದ ಹಳೆಯ ಚಿತ್ರಗಳ ಗೆರೆಗಳಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳಿರುತ್ತವೆ. ಅಚ್ಚಿನಲ್ಲಿ ಹುಳು ಕೊರೆದ ಕಡೆ ಮಸಿ ಹತ್ತುವುದಿಲ್ಲ. ಅಮೆರಿಕದ ಜೀವವಿಜ್ಞಾನಿ ಬ್ಲೇರ್ ಹೆಡ್ಜಸ್ ಆ ಚುಕ್ಕೆಗಳನ್ನು ಸಾವಿರಗಟ್ಟಲೆ ಅಳೆದು, ಉತ್ತರ ಯುರೋಪಿನ ತೂತು ಸಣ್ಣದು, ದಕ್ಷಿಣದ್ದು ದೊಡ್ಡದು, ಅಂದರೆ ಎರಡು ಜಾತಿಯ ದುಂಬಿಗಳು ಶತಮಾನಗಳ ಕಾಲ ಬೇರೆ ಬೇರೆ ಸೀಮೆಗಳಲ್ಲಿದ್ದವು ಎಂದು 2012ರಲ್ಲಿ ತೋರಿಸಿದರು. ಘುಣಾಕ್ಷರವನ್ನು ಪುಸ್ತಕದ ಪುಟದಲ್ಲೇ ಓದಿದ ಕೆಲಸವಿದು.

ಕಲ್ಲಿಗೆ ದಾಟಿದ ಬಡಗಿ

ದಖ್ಖನಿನವರು ಮರದ ನಶ್ವರತೆಯ ಬಗ್ಗೆ ಬಹಳ ಹಿಂದೆಯೇ ಯೋಚಿಸಿದ್ದರು. ಲೋಣಾವಳದ ಬಳಿಯ ಕಾರ್ಲೆ ಚೈತ್ಯದಲ್ಲಿ ಕಮಾನಿನ ಆಕಾರದ ಸಾಗವಾನಿ ಪಕ್ಕೆಗಳು ಕಲ್ಲಿನ ಚಾವಣಿಗೆ ಅಂಟಿಕೊಂಡಂತೆ ಇಂದಿಗೂ ನಿಂತಿವೆ. ಸುಮಾರು ಎರಡು ಸಾವಿರ ವರ್ಷದ ಮರ ಅದು. ನೆಲದ ಸ್ಪರ್ಶವಿಲ್ಲ, ಮಳೆಯ ಹನಿಯಿಲ್ಲ. ಅಜಂತಾದ 9 ಮತ್ತು 10ನೆಯ ಗುಹೆಗಳಲ್ಲೂ ಅಂಥ ಮರದ ಪಕ್ಕೆಗಳಿದ್ದವು, ಈಗಿಲ್ಲ. ಸುಮಾರು ಐದು ಶತಮಾನಗಳ ನಂತರ ಅದೇ ಅಜಂತಾದ 19 ಮತ್ತು 26ನೆಯ ಗುಹೆಗಳಿಗೆ ಬಂದರೆ ಪಕ್ಕೆಗಳನ್ನು ಕಲ್ಲಿನಲ್ಲೇ ಕಡೆದಿದ್ದಾರೆ.

ಎಲ್ಲೋರದ 10ನೆಯ ಗುಹೆಗೆ ಬರುವ ಹೊತ್ತಿಗೆ ಈ ಅಭ್ಯಾಸ ಪೂರ್ಣಗೊಂಡಿತ್ತು. ಅಲ್ಲಿ ಚಾವಣಿಯ ತುಂಬ ಕಲ್ಲಿನ ಜಂತಿಗಳು. ಭಾರ ಹೊರಬೇಕಾದ ಅಗತ್ಯವೇ ಅವಕ್ಕಿಲ್ಲ, ಆದರೂ ಸಾಲಾಗಿ ಇವೆ. ಜನ ಆ ಗುಹೆಯನ್ನು ‘ಸುತಾರ್ ಕಾ ಝೋಪಡಾ’, ಬಡಗಿಯ ಗುಡಿಸಲು ಎಂದೇ ಕರೆದರು. ಹೆಸರಿಟ್ಟವರ ಕಣ್ಣು ಚುರುಕು: ಇದು ಕಲ್ಲುಕುಟಿಗನ ಕೈಯಲ್ಲಿ ಮೂಡಿದ ಬಡಗಿಯ ಮನೆ. ಹುಳು ಮುಟ್ಟಲಾಗದ ಮರ.

ಆದರೆ ಕಲ್ಲಿನಲ್ಲಿ ದೇವರು, ಭಿಕ್ಷುಗಳು ಇರಬಹುದು, ಸಂಸಾರಸ್ಥರಿಗೆ ಮರವೇ ಬೇಕಾಯಿತು. ಪೇಶ್ವೆಯರ ಕಾಲದ ನಾಸಿಕಿನಲ್ಲಿ ಸರಾಫ ಬಜಾರಿನ ಸರಕಾರವಾಡೆಯಂಥ ಕಟ್ಟಡಗಳು ಎದ್ದವು. ಜಿಲ್ಲೆಯ ಚಾಂದವಡದಲ್ಲಿ ಹೋಳ್ಕರರ ರಂಗಮಹಲಿನ ಕೆತ್ತನೆಯ ಕಂಬಗಳು ಆ ಕಾಲದ ಬಡಗಿಯ ಕೈಚಳಕಕ್ಕೆ ಸಾಕ್ಷಿ. 1610ರಲ್ಲಿ ಮಲಿಕ್ ಅಂಬರ್ ಖಡಕಿ ಎಂಬ ಹೆಸರಿನಲ್ಲಿ ಬೆಳೆಸಿದ ಔರಂಗಾಬಾದಿನ ಹಳೆಯ ಪೇಟೆಗಳಲ್ಲೂ ಮರದ ಚೌಕಟ್ಟಿನ ಮನೆಗಳು ಬಂದವು. ನಾಸಿಕಿಗೆ ಮರ ದೂರವಿರಲಿಲ್ಲ. ಪಶ್ಚಿಮಕ್ಕೆ ಪೇಠ, ಸುರಗಾಣಾ, ಅದರಾಚೆ ಡಾಂಗ್, ಎಲ್ಲವೂ ಸಾಗವಾನಿಯ ಕಾಡು. ಕೆಚ್ಚನ್ನಷ್ಟೇ ಉಳಿಸಿಕೊಂಡು ಬಿಳಿ ಮರವನ್ನು ಕೆತ್ತಿ ಎಸೆಯುವ ಧಾರಾಳತನ ಬಡಗಿಗೆ ಸಾಧ್ಯವಿತ್ತು.

ಆ ಧಾರಾಳತನ ಮುಗಿದ ಕಾಲವನ್ನು ಗುರುತಿಸಬಹುದು. 1842ರಲ್ಲಿ ಬ್ರಿಟಿಷರು ಡಾಂಗಿನ ಭಿಲ್ಲ ರಾಜರಿಂದ ಕಾಡನ್ನು ಗುತ್ತಿಗೆ ಪಡೆದರು, ಹಡಗಿಗೆ ಸಾಗವಾನಿ ಬೇಕಾಗಿತ್ತು. ಮುಂದೆ ರೈಲ್ವೆ ಬಂತು, 1878ರ ಅರಣ್ಯ ಕಾಯಿದೆ ಬಂತು, ಕಾಡು ಮೀಸಲಾಯಿತು. ಆಮೇಲೆ ಊರಿನವರಿಗೆ ಸಿಕ್ಕದ್ದು ಹಣ ಕೊಟ್ಟು ಕೊಳ್ಳುವ ನಾಟಾ. ಅಡಿಯ ಲೆಕ್ಕದಲ್ಲಿ ಹಣ ಕೊಡುವವನು ಬಿಳಿ ಅಂಚನ್ನೇಕೆ ಎಸೆದಾನು? ಅಂಚುಸಹಿತವಾಗಿ ಹಲಗೆ ಮನೆ ಸೇರಿತು, ಅದರೊಂದಿಗೆ ಹುಳುವಿನ ಊಟವೂ.

ನದಿ, ಬಾಡಿಗೆ, ಕಾಯಿದೆ

ಕುಟ್ಟೆಹುಳುವಿಗೆ ಒಣಮರವೂ ನಡೆಯುತ್ತದೆ. ನೆಲದಿಂದ ಬರುವ ಗೆದ್ದಲಿಗೂ ಮರ ಕೊಳೆಸುವ ಬೂಷ್ಟಿಗೂ ತೇವ ಬೇಕು. ನಾಸಿಕಿನಲ್ಲಿ ತೇವಕ್ಕೆ ಕೊರತೆಯಿಲ್ಲ. ಅಲ್ಲಿನವರು ಗೋದಾವರಿಯ ನೆರೆಯನ್ನು ಮೀಟರುಗಳಲ್ಲಿ ಹೇಳುವುದಕ್ಕಿಂತ, ದುತೋಂಡ್ಯಾ ಮಾರುತಿಯ ಮೂರ್ತಿಗೆ ನೀರು ಎಲ್ಲಿಯವರೆಗೆ ಬಂತು, ಸರಕಾರವಾಡೆಯ ಮೆಟ್ಟಿಲಿಗೆ ಮುಟ್ಟಿತೇ ಎಂದು ಹೇಳುತ್ತಾರೆ. 1969 ಮತ್ತು 2008ರ ನೆರೆಗಳು ಹಳೆಯ ಪೇಟೆಯೊಳಗೆ ನುಗ್ಗಿದವು. ನೀರು ಇಳಿದ ಮೇಲೆ ಗೋಡೆ ತಿಂಗಳುಗಟ್ಟಲೆ ಒಣಗುವುದಿಲ್ಲ, ಗೋಡೆಯೊಳಗೆ ಹೂತ ತೊಲೆಯ ತುದಿ ಮೊದಲು ಕೊಳೆಯುತ್ತದೆ. ಮನೆಯವರು ಅವಸರಕ್ಕೆ ಸಿಕ್ಕ ಮರದಿಂದ ಊರೆ ಕೊಡುತ್ತಾರೆ. ಕುಟ್ಟೆ ಬರುವುದು ಆ ಊರೆಗೆ. ನೆರೆ, ಕೊಳೆತ, ಅಗ್ಗದ ದುರಸ್ತಿ, ಹುಳು: ಹುಳು ಯಾವಾಗಲೂ ಸರದಿಯ ಕೊನೆಯದು.

ದುರಸ್ತಿ ಅಗ್ಗದ್ದೇ ಏಕಾಯಿತು? ಇಲ್ಲಿ ಕಾಯಿದೆಯ ಪುಟ ತೆರೆಯಬೇಕಾಗುತ್ತದೆ. ಯುದ್ಧ, ವಿಭಜನೆ, ವಲಸೆಗಳ ನಡುವೆ ಮನೆಗಳ ಅಭಾವ ತಲೆದೋರಿದಾಗ ಬಂದದ್ದು 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆ. ಅದು ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ನಾಸಿಕ್ ಮುಂಬಯಿ ಪ್ರಾಂತದಲ್ಲಿತ್ತು. ಔರಂಗಾಬಾದ್ ನಮ್ಮ ಬೀದರ್, ಗುಲ್ಬರ್ಗಾ, ರಾಯಚೂರುಗಳ ಜೊತೆ ಹೈದರಾಬಾದ್ ರಾಜ್ಯದಲ್ಲಿತ್ತು, ಅಲ್ಲಿಗೆ 1954ರ ಬೇರೆ ಕಾಯಿದೆ. ಎರಡನ್ನೂ ಸೇರಿಸಿ ಮಹಾರಾಷ್ಟ್ರ 1999ರಲ್ಲಿ ಒಂದೇ ಕಾಯಿದೆ ಮಾಡಿತು, ವರ್ಷಕ್ಕೆ ಶೇ. 4ರಷ್ಟು ಬಾಡಿಗೆ ಏರಿಸಲು ಅವಕಾಶ ಕೊಟ್ಟಿತು.

ಬಡ ಬಾಡಿಗೆದಾರರನ್ನು ಈ ಕಾಯಿದೆಗಳು ಬೀದಿಪಾಲಾಗದಂತೆ ಕಾಪಾಡಿದವು ಎಂಬುದನ್ನು ಮರೆಯಬಾರದು. ಆದರೆ ತೊಲೆಯನ್ನು ಅವು ಕಾಪಾಡಲಿಲ್ಲ. 1999ರ ಕಾಯಿದೆಯ ಪ್ರಕಾರ ಮಾಲೀಕ ದುರಸ್ತಿ ಮಾಡದಿದ್ದರೆ ಬಾಡಿಗೆದಾರ ನೋಟಿಸು ಕೊಟ್ಟು ತಾನೇ ಮಾಡಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು, ಆದರೆ ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಭಾಗ ಮೀರುವಂತಿಲ್ಲ. ತಿಂಗಳಿಗೆ ನೂರು ರೂಪಾಯಿ ಬಾಡಿಗೆ ಇದೆಯೆನ್ನಿ. ವರ್ಷಕ್ಕೆ 1,200, ಅದರ ಕಾಲುಭಾಗ 300. ಮುನ್ನೂರು ರೂಪಾಯಿಗೆ ಬಡಗಿಯ ಅರ್ಧ ದಿನದ ಕೂಲಿಯೂ ಹುಟ್ಟುವುದಿಲ್ಲ. ಮಾಲೀಕನಿಗೆ ದುರಸ್ತಿ ಮಾಡಿಸಿ ಲಾಭವಿಲ್ಲ. ಬಾಡಿಗೆದಾರನಿಗೆ ದುರಸ್ತಿಗೆಂದು ಮನೆ ಬಿಟ್ಟರೆ ಮತ್ತೆ ಒಳಗೆ ಬಿಡುವರೋ ಇಲ್ಲವೋ ಎಂಬ ಭಯ. ಇಬ್ಬರ ನಡುವೆ ಹುಳು ನಿರಾತಂಕ. ಪ್ರತಿ ಮಳೆಗಾಲಕ್ಕೂ ಮುನ್ನ ನಾಸಿಕ್ ಮಹಾನಗರಪಾಲಿಕೆ ಅಪಾಯದ ವಾಡೆಗಳಿಗೆ ನೋಟಿಸು ಹಚ್ಚುತ್ತದೆ. ಆದರೂ ಮಳೆಯಲ್ಲಿ ವಾಡೆ ಕುಸಿದ ಸುದ್ದಿ ತಪ್ಪುವುದಿಲ್ಲ. ನೆನೆದು ಭಾರವಾದ ಮಣ್ಣಿನ ನೆಲವನ್ನು ಪೊಳ್ಳಾದ ಜಂತಿ ಹೊರಲಾರದು.

ಖಂಡಸ್ಫುಟಿತ

ನಮ್ಮ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಸಮಾಸ ಗೊತ್ತಿರುತ್ತದೆ. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು, ಇವನ್ನು ಎತ್ತಿ ಸರಿಪಡಿಸುವುದು ಎಂದರ್ಥ. ದೇವರ ಅಂಗಭೋಗಕ್ಕೆ, ನಂದಾದೀವಿಗೆಗೆ, ಆಹಾರದಾನಕ್ಕೆ ಭೂಮಿ ಬಿಡುವಾಗ ಇದಕ್ಕೂ ಪಾಲು ಬಿಡುತ್ತಿದ್ದರು. ಅದೆಷ್ಟು ಸಲ ಬರುತ್ತದೆಂದರೆ ಓದುಗರು ಅದನ್ನು ಸವೆದ ಮಾತೆಂದು ದಾಟಿಹೋಗುತ್ತಾರೆ. ಆದರೆ ನಿಂತು ನೋಡಿದರೆ, ಕಟ್ಟಿದ ದಿನವೇ ಅದು ಒಡೆಯುತ್ತದೆಂದು ಒಪ್ಪಿಕೊಂಡವರ ಮಾತು ಇದು.

ನಾಸಿಕಿನ ಪಾಂಡವಲೇಣಿ ಗುಹೆಗಳಲ್ಲಿ ಇದರ ಹಿರಿಯ ನೆಂಟನೊಬ್ಬನಿದ್ದಾನೆ. ಸುಮಾರು 1,900 ವರ್ಷಗಳ ಹಿಂದೆ ಕ್ಷತ್ರಪ ನಹಪಾನನ ಅಳಿಯ ಉಷವದಾತ ಗುಹೆಯನ್ನು ಕೊರೆಸಿ ಸಂಘಕ್ಕೆ ಕೊಟ್ಟ. ಅಷ್ಟಕ್ಕೇ ನಿಲ್ಲಲಿಲ್ಲ. 3,000 ಕಾರ್ಷಾಪಣಗಳನ್ನು ಗೋವರ್ಧನ ಊರಿನ ನೇಕಾರರ ಎರಡು ಶ್ರೇಣಿಗಳಲ್ಲಿ ಇಟ್ಟ: 2,000 ತಿಂಗಳಿಗೆ ಶೇ. 1ರ ಬಡ್ಡಿಗೆ, 1,000 ಶೇ. ಮುಕ್ಕಾಲರ ಬಡ್ಡಿಗೆ. ಅಸಲು ಹಿಂದಿರುಗಿಸುವಂತಿಲ್ಲ, ಬಡ್ಡಿ ಮಾತ್ರ ಬಳಸಬೇಕು. ಎರಡು ಸಾವಿರಕ್ಕೆ ವರ್ಷದ ಬಡ್ಡಿ 240. ಮಳೆಗಾಲದಲ್ಲಿ ಅಲ್ಲಿ ತಂಗುವ 20 ಭಿಕ್ಷುಗಳಿಗೆ ತಲಾ 12ರಂತೆ ಚೀವರದ ಖರ್ಚು. ಲೆಕ್ಕ ಕಾಸಿಗೆ ಕಾಸು ಸರಿಹೋಗುತ್ತದೆ. ಇದು ಬಟ್ಟೆಯ ಲೆಕ್ಕ, ದುರಸ್ತಿಯದಲ್ಲ. ಆದರೂ ತತ್ತ್ವ ಒಂದೇ: ಕಟ್ಟಡ ಕೊಟ್ಟವನು ಅದರೊಳಗಿನ ಬದುಕು ನಡೆಯಲು ಬೇಕಾದ ವಾರ್ಷಿಕ ಹಣವನ್ನೂ ಕೊಡಬೇಕು. ಹುಳು ಏರದ ಕಲ್ಲಿನ ಗುಹೆಗೆ ಇಷ್ಟು ಏರ್ಪಾಡು. ಮರದ ವಾಡೆಗೆ ಇಪ್ಪತ್ತನೆಯ ಶತಮಾನದ ಕಾಯಿದೆ ಬಿಟ್ಟದ್ದು ಬಾಡಿಗೆಯ ಕಾಲುಭಾಗ.

ಔಷಧ

ಔಷಧಕ್ಕೂ ಭಾರತದ ನಂಟಿದೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲಿನ ಓಕ್ ಚಾವಣಿಯನ್ನು ದುಂಬಿ ಟೊಳ್ಳು ಮಾಡಿದ್ದು ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಬಯಲಾದಾಗ, ಔಷಧ ಹುಡುಕಿದವರು ಹೆರಾಲ್ಡ್ ಮ್ಯಾಕ್ಸ್‌ವೆಲ್ ಲೆಫ್ರಾಯ್. ಅವರು ಅದಕ್ಕೆ ಮುಂಚೆ ಬಿಹಾರದ ಪೂಸಾದಲ್ಲಿ ಭಾರತ ಸರ್ಕಾರದ ಕೀಟತಜ್ಞರಾಗಿದ್ದವರು, ಇಲ್ಲಿನ ಕೀಟಗಳ ಬಗ್ಗೆ ದೊಡ್ಡ ಗ್ರಂಥ ಬರೆದವರು. ಅವರ ಔಷಧದಿಂದಲೇ ರೆಂಟೋಕಿಲ್ ಕಂಪನಿ ಹುಟ್ಟಿತು. 1925ರಲ್ಲಿ ಪ್ರಯೋಗಾಲಯದ ವಿಷಾನಿಲದಿಂದ ಅವರು ತೀರಿಕೊಂಡರು. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ದ್ರಾವಣ ಕಂಡುಹಿಡಿದರು. ತಾಮ್ರ ಬೂಷ್ಟಿಗೆ, ಆರ್ಸೆನಿಕ್ ಹುಳುವಿಗೆ, ಎರಡನ್ನೂ ಮರದಲ್ಲಿ ಹಿಡಿದಿಡಲು ಕ್ರೋಮಿಯಂ. ಲೋಕವೆಲ್ಲ ಬಳಸಿದ ಔಷಧ ಅದು. ವಿಷದ ಅಂಜಿಕೆಯಿಂದ ಅಮೆರಿಕದ ತಯಾರಕರು 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ನಿಲ್ಲಿಸಿದರು.

ಇಂದು ಮನೆಯೊಳಗಿನ ಮರಕ್ಕೆ ಸೌಮ್ಯವಾದ ದಾರಿ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ. ಅದು ಬಣ್ಣ, ವಾರ್ನಿಷ್ ದಾಟಿ ಒಳಗಿಳಿಯುವುದಿಲ್ಲ, ಮೊದಲು ಮೈ ಕೆರೆದು ಬೋಳಾಗಿಸಬೇಕು. ನೀರು ಸೋರುವ ಕಡೆ ತೊಳೆದುಹೋಗುತ್ತದೆ, ಹಾಗಾಗಿ ಮೊದಲು ಸೂರು ಸರಿಯಾಗಬೇಕು. ಔಷಧಕ್ಕೂ ಮುನ್ನ ಹುಳು ಈಗ ಇದೆಯೇ ಎಂದು ತಿಳಿಯಬೇಕು. ತೂತುಗಳ ಕೆಳಗೆ ಗುಡಿಸಿ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಡಿ. ಹೊಸ ಹಿಟ್ಟು ಬೀಳದಿದ್ದರೆ ಆ ತೂತು ಬಹುಶಃ ನಿಮ್ಮ ಅಜ್ಜನ ಕಾಲದ್ದು. ಬಿದ್ದರೆ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ಬಿಳಿ ಅಂಚು ಮಾತ್ರ ಪುಡಿಯಾಗಿ ಒಳಗೆ ಗಟ್ಟಿ ಕೆಚ್ಚು ತಾಗಿದರೆ ತೊಲೆಯನ್ನು ತೆಗೆದೆಸೆಯಬೇಕಿಲ್ಲ, ಪುಡಿಯನ್ನು ಕೆತ್ತಿ ತೆಗೆದು ಔಷಧ ಕುಡಿಸಿದರೆ ಸಾಕು. ಕೆಚ್ಚೂ ಕುಸಿದರೆ, ಅಥವಾ ಗೋಡೆಯೊಳಗಿನ ತುದಿ ಮೆತ್ತಗಿದ್ದರೆ, ಕೆಳಗೆ ಆನಿಕೆ ಕೊಟ್ಟು ತಿಳಿದವರನ್ನು ಕರೆಸುವ ತನಕ ಆ ಕೋಣೆಯಲ್ಲಿ ಯಾರೂ ಮಲಗಬಾರದು.

ಹಳೆಯ ಮನೆಗಳನ್ನು ಕೆಡವಿ ನಾಲ್ಕಂತಸ್ತು ಎಬ್ಬಿಸುವವರು ‘ಹುಳು ತಿಂದಿತ್ತು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅನೇಕ ಕಡೆ ಹುಳು ತಿಂದದ್ದು ಕೆಲವೇ ಹಲಗೆಗಳನ್ನು, ಅದೂ ಕಾಡು ಕೈತಪ್ಪಿದ ಮೇಲೆ, ನೆರೆ ಬಂದ ಮೇಲೆ, ಬಾಡಿಗೆ ನಿಂತುಹೋದ ಮೇಲೆ ಹಾಕಿದ್ದನ್ನು. ಮೂಲದ ತೊಲೆ ಇನ್ನೂ ಭಾರ ಹೊತ್ತೇ ನಿಂತಿರುತ್ತದೆ.

ಆದ್ದರಿಂದ ಹಳೆಯ ಮಹಡಿಗೆ ಹೊಸ ಹಲಗೆ ಹಾಕಿಸುವವರಿಗೆ ಒಂದು ಸಣ್ಣ ಕೋರಿಕೆ. ಹಲಗೆಯನ್ನು ಕೂರಿಸುವ ಮುನ್ನ ಅದರ ಮಣ್ಣು ಮುಟ್ಟದ ಕೆಳಮೈಯ ಮೇಲೆ ಸೀಸದಕಡ್ಡಿಯಿಂದ ಮರದ ಹೆಸರು, ಕುಡಿಸಿದ ಔಷಧ, ಇಸವಿ ಬರೆದಿಡಿ. ಮುಂದೆ ಚಾವಣಿ ನೋಡಬಂದ ಬಡಗಿ ಹುಳುವಿನ ಬರಹದ ಜೊತೆಗೆ ನಿಮ್ಮದನ್ನೂ ಓದಿ, ಯಾವ ಹಲಗೆ ತೆಗೆಯಬೇಕು, ಯಾವುದನ್ನು ಬಿಡಬಹುದು ಎಂದು ತೀರ್ಮಾನಿಸಲಿ.